ತಾಟೆಯ ಹೊಟ್ಟೆಯಲ್ಲಿ ಮೂರು ಸಿಗಡಿ

ತಂಗಿಗೆ ಹೆರಿಗೆಯಾಗಿ ಹದಿನೈದು ದಿನ. ಬಾಣಂತಿಗೆ ತಾಟೆ ಮೀನಿನ, ಅಂದರೆ ಶಾರ್ಕಿನ, ಸಾರು ಕೊಡಲೇಬೇಕು ಅಂತ ಅಮ್ಮನ ಹಟ. ಹಾಲು ಜಾಸ್ತಿ ಆಗುತ್ತದಂತೆ. ಆಗುತ್ತದೋ ಇಲ್ಲವೋ, ಆ ವಾದಕ್ಕೆ ಹೋಗಿ ಅಮ್ಮನ ಎದುರು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಸುಮ್ನೆ ಚೀಲ ಹಿಡಿದು ಮಲ್ಪೆಗೆ ಹೋದೆ.

ಬುಟ್ಟಿಯಲ್ಲಿ ಮೊಳದುದ್ದದ ತಾಟೆ ಹತ್ತು ಹನ್ನೆರಡು ಇದ್ದವು. "ಎಲ್ಯ ತಾಟೆ, ಬಾಣಂತಿಗ್ ಎಡ್ಡೆ" ಅಂದರು ಮೀನಿನ ಅಕ್ಕ ತುಳುವಿನಲ್ಲಿ. ಸಣ್ಣ ತಾಟೆ, ಬಾಣಂತಿಗೆ ಒಳ್ಳೆಯದು ಅಂತ. ಎಲ್ಲವೂ ಮರಿ ಅನ್ನುವ ಲೆಕ್ಕ. ತಿರುವಿ ನೋಡಿದೆ. ಹೆಚ್ಚಿನವಕ್ಕೆ ಸಲಿಕೆಯಂಥ ಚಪ್ಪಟೆ ಮೂತಿ. ನಡುವೆ ಎರಡು ಮಾತ್ರ ಬೇರೆ. ತಲೆ ಎರಡೂ ಬದಿಗೆ ಚಾಚಿದೆ, ತುದಿಗೊಂದು ಕಣ್ಣು. ಸುತ್ತಿಗೆ ತಲೆಯ ಶಾರ್ಕ್, ಹ್ಯಾಮರ್‌ಹೆಡ್.

ನನ್ನ ತಕರಾರು ಇಲ್ಲೇ ಇರುವುದು. ಸಲಿಕೆ ಮೂತಿಯದ್ದು ಮರಿಯಲ್ಲ. ಅದು ಬೆಳೆಯುವುದೇ ಅಷ್ಟು, ಮುಕ್ಕಾಲು ಮೀಟರ್ ದಾಟುವುದು ಅಪರೂಪ. ಬಿಎಸ್ಸಿಯಲ್ಲಿ ಝೂಆಲಜಿ ಓದಿದವರಿಗೆ ಹಳೇ ಪರಿಚಯ ಇದು, ಸ್ಕೋಲಿಯೋಡಾನ್. ಫಾರ್ಮಲಿನ್ ಘಾಟಿಗೆ ಕಣ್ಣೀರು ಸುರಿಸುತ್ತಾ ನಾವು ಕುಯ್ದದ್ದು ಇದನ್ನೇ. ಸುತ್ತಿಗೆ ತಲೆಯದ್ದು ಮಾತ್ರ ನಿಜವಾಗಿ ಮರಿ. ಉಳಿದಿದ್ದರೆ ಒಂದು ದಿನ ಮೂರು ಮೀಟರ್ ಆಗುತ್ತಿತ್ತೇನೋ. ಹೆಸರು ಎರಡಕ್ಕೂ ಒಂದೇ, ರೇಟೂ ಒಂದೇ.

ಸಲಿಕೆ ಮೂತಿಯವು ನಾಲ್ಕು ತಂದೆ. ಅಮ್ಮ ಬಿಸಿನೀರು ಹೊಯ್ದು ತೆಂಗಿನ ಸಿಪ್ಪೆಯಲ್ಲಿ ತಿಕ್ಕಿದರು. ತಾಟೆಯ ಚರ್ಮ ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ಉಲ್ಟಾ ಸವರಿದರೆ ಉಪ್ಪುಕಾಗದ. ಅದರ ಹುರುಪೆ ಮತ್ತು ಹಲ್ಲು ಎರಡರ ರಚನೆಯೂ ಒಂದೇ ತರ. ಅಂದರೆ ಮೈಯೆಲ್ಲ ಹಲ್ಲು! ಆಮೇಲೆ ಹುಳಿ, ಅರಿಶಿನ ಹಾಕಿ ತೊಳೆಯಬೇಕು. ಸಮುದ್ರದ ಉಪ್ಪನ್ನು ತಾಳಿಕೊಳ್ಳಲು ಇದು ಮೈಯಲ್ಲಿ ಯೂರಿಯಾ ಇಟ್ಟುಕೊಂಡಿರುತ್ತದೆ. ಮೀನು ಹಳತಾದರೆ ಅದೇ ಅಮೋನಿಯಾ ಆಗಿ ಮನೆಯೆಲ್ಲ ನಾರುತ್ತದೆ.

ಒಂದರ ಹೊಟ್ಟೆ ಸೀಳಿದಾಗ ಸಿಕ್ಕಿದ್ದು ಮೂರು ಸಿಗಡಿ ಮತ್ತು ಯಾವುದೋ ಸಣ್ಣ ಮೀನಿನ ಬೆನ್ನುಮೂಳೆ. "ಇಷ್ಟೇನಾ ತಿಂದದ್ದು?" ಅಂದರು ಅಮ್ಮ.

ಇಷ್ಟೇ. ಶಾರ್ಕ್ ಅಂದರೆ ಹೊಟ್ಟೆಬಾಕ ಅಂತ ನಮಗೆ ಯಾರೋ ತಲೆಗೆ ತುಂಬಿಬಿಟ್ಟಿದ್ದಾರೆ. ಸಾಮಾನ್ಯವಾಗಿ ಶಾರ್ಕಿನ ದಿನದ ಊಟ ಅದರ ತೂಕದ ನೂರಕ್ಕೆ 3 ಪಾಲನ್ನೂ ಮೀರುವುದಿಲ್ಲ. ಒಮ್ಮೆ ತಿಂದು ದಿನಗಟ್ಟಲೆ ಸುಮ್ಮನಿರುವವೂ ಇವೆ. ತಿಂದದ್ದನ್ನು ಅರಗಿಸುವುದೂ ನಿಧಾನ. ಸ್ಕೋಲಿಯೋಡಾನಿನ ಕರುಳು ಗಿಡ್ಡ, ಆದರೆ ಒಳಗೊಂದು ಪೊರೆ ಸುತ್ತಿಟ್ಟ ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡಿದೆ. ಸತ್ವವೆಲ್ಲ ಹೀರಿಕೊಳ್ಳಲು ಅಷ್ಟು ಜಾಗ ಸಿಗುತ್ತದೆ. ಇನ್ನು ಎಲ್ಲಕ್ಕಿಂತ ದೊಡ್ಡ ಮೀನು ತಿಮಿಂಗಿಲ ಶಾರ್ಕ್ ತಿನ್ನುವುದು ಹೆಚ್ಚಾಗಿ ನೀರಲ್ಲಿ ತೇಲುವ ಚೂರುಪಾರು ಜೀವಿಗಳನ್ನು. 2001ರಿಂದ ನಮ್ಮ ದೇಶದಲ್ಲಿ ಅದಕ್ಕೆ ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಇದೆ.

ಸುತ್ತಿಗೆ ತಲೆಯ ಊಟದ ಕ್ರಮವಂತೂ ನೋಡುವಂಥದ್ದು. ಜೀವ ಇರುವ ಯಾವುದೇ ಪ್ರಾಣಿಯಿಂದ ಸಣ್ಣಗೆ ವಿದ್ಯುತ್ ಹೊಮ್ಮುತ್ತದೆ. ಅದನ್ನು ಹಿಡಿಯಲು ಶಾರ್ಕಿನ ಮೂತಿಯಲ್ಲಿ ಲೋಳೆ ತುಂಬಿದ ಸಣ್ಣ ಸಣ್ಣ ರಂಧ್ರಗಳಿವೆ. ಇಟಲಿಯ ಲೊರೆಂಜಿನಿ 1678ರಲ್ಲೇ ಅವನ್ನು ವಿವರಿಸಿದ್ದ, ಯಾಕಿವೆ ಅಂತ ಗೊತ್ತಾದದ್ದು ಇಪ್ಪತ್ತನೇ ಶತಮಾನದಲ್ಲಿ. ಹ್ಯಾಮರ್‌ಹೆಡ್‌ಗೆ ತಲೆ ಅಗಲ, ಹಾಗಾಗಿ ಹುಡುಕುವ ಜಾಗವೂ ಅಗಲ. ಪೊಲೀಸರು ಲೋಹಶೋಧಕ ಆಡಿಸಿದ ಹಾಗೆ ತಲೆ ಆಡಿಸುತ್ತಾ ಹೋಗಿ ಮರಳಲ್ಲಿ ಹುದುಗಿದ ತೊರಕೆ ಅನ್ನುವ ಚಪ್ಪಟೆ ಮೀನನ್ನು ಪತ್ತೆ ಹಚ್ಚುತ್ತದೆ. ದೊಡ್ಡ ಜಾತಿಯದ್ದು ಆ ತಲೆಯಿಂದಲೇ ತೊರಕೆಯನ್ನು ನೆಲಕ್ಕೆ ಒತ್ತಿ ಹಿಡಿದು ರೆಕ್ಕೆ ಕಚ್ಚುವುದನ್ನೂ ನೋಡಿದವರಿದ್ದಾರೆ. ತೊರಕೆಯ ಮುಳ್ಳು ಚುಚ್ಚಿಸಿಕೊಂಡ ನಮ್ಮ ಮೀನುಗಾರರನ್ನು ಕೇಳಿ, ಇದು ಸುಲಭದ ಊಟವಲ್ಲ.

ಶಾರ್ಕ್ ಇಲ್ಲದಿದ್ದರೆ ಏನಾಗುತ್ತದೆ? ಮೊದಲೆಲ್ಲ ನಾನು ಅಮೆರಿಕದ ಕಥೆಯೊಂದನ್ನು ಜಂಬದಿಂದ ಹೇಳುತ್ತಿದ್ದೆ. ಶಾರ್ಕ್ ಕಡಿಮೆಯಾದವು, ತೊರಕೆ ಹೆಚ್ಚಿದವು, ಅವು ಚಿಪ್ಪುಮೀನನ್ನೆಲ್ಲ ಖಾಲಿ ಮಾಡಿದವು ಅಂತ 2007ರಲ್ಲಿ ಬಂದ ಅಧ್ಯಯನ. 2016ರಲ್ಲಿ ಬೇರೆ ವಿಜ್ಞಾನಿಗಳು ಲೆಕ್ಕ ಮತ್ತೆ ತೆಗೆದು, ಅಷ್ಟು ಸಲೀಸಾಗಿ ಹೇಳಲಾಗದು ಅಂದರು. ಆ ಕಥೆ ಬಿಟ್ಟೆ. ಈಗ ಹೇಳುವುದು ಆಸ್ಟ್ರೇಲಿಯಾದ ಶಾರ್ಕ್ ಬೇಯದ್ದು. ಅಲ್ಲಿ ಟೈಗರ್ ಶಾರ್ಕ್ ಓಡಾಡುವ ಕಾಲದಲ್ಲಿ ಕಡಲ ತಳದ ಹುಲ್ಲು ಮೇಯುವ ಕಡಲಹಸುಗಳು (ಡುಗಾಂಗ್) ಒಳ್ಳೆ ಹುಲ್ಲಿರುವ ಅಪಾಯದ ಜಾಗ ಬಿಟ್ಟು ಅಂಚಿಗೆ ಸರಿಯುತ್ತವೆ. ಶಾರ್ಕ್ ಎಲ್ಲವನ್ನೂ ತಿನ್ನಬೇಕಾಗಿಲ್ಲ, ಅದು ಅಲ್ಲಿದೆ ಅನ್ನುವ ಹೆದರಿಕೆಯೇ ಹುಲ್ಲನ್ನು ಉಳಿಸುತ್ತದೆ. ಹುಲಿ ಇದ್ದ ಕಾಲದಲ್ಲಿ ಘಟ್ಟದ ಬುಡದಲ್ಲಿ ದನ ಮೇಯಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

1970ರಿಂದ 2018ರೊಳಗೆ ತೆರೆದ ಕಡಲಿನ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ನೂರಕ್ಕೆ 71ರಷ್ಟು ಇಳಿದಿದೆ. ಮುಖ್ಯ ಕಾರಣ ಮಿತಿಮೀರಿ ಹಿಡಿದದ್ದು. ಬೂತಾಯಿ ಮೀನು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಎರಡು ಒಳ್ಳೆ ವರ್ಷ ಬಂದರೆ ಚೇತರಿಸಿಕೊಳ್ಳುತ್ತದೆ. ತಾಟೆಯ ಸಂಸಾರ ಹಾಗಲ್ಲ. ಹ್ಯಾಮರ್‌ಹೆಡ್ ಹೆರುವ ವಯಸ್ಸಿಗೆ ಬರಲು ವರ್ಷಗಟ್ಟಲೆ ಬೇಕು, ದೊಡ್ಡ ಜಾತಿಗಳ ಬಸಿರೇ ಸುಮಾರು ಒಂಬತ್ತು ಹತ್ತು ತಿಂಗಳು. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ಇರುವ ರಜೆ ಬೂತಾಯಿಗೆ ಸಾಕಾದೀತು, ಇದಕ್ಕೆಲ್ಲಿ ಸಾಕು?

ತಾಟೆ ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಸಾರು ನಾನೂ ಎರಡು ಸಲ ಹಾಕಿಸಿಕೊಂಡೆ, ಕರಿಮೆಣಸು, ಬೆಳ್ಳುಳ್ಳಿ ಸರಿಯಾಗಿ ಬಿದ್ದಿತ್ತು. ತಲೆ ನೋಡಿ ತಗೊಳ್ಳಿ ಅಂತಷ್ಟೇ. ಬಲೆಗೆ ಬಿದ್ದು ಸತ್ತ ಮರಿಯನ್ನು ನಾನು ಕೊಳ್ಳದಿದ್ದರೆ ಅದು ಎದ್ದು ಕಡಲಿಗೆ ಹೋಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಮರಿಗೆ ರೇಟು ಸಿಗುವವರೆಗೆ ಅದು ದಡಕ್ಕೆ ಬರುತ್ತಲೇ ಇರುತ್ತದೆ.

ಅವತ್ತು ಅಕ್ಕನಿಗೆ ಇಷ್ಟೆಲ್ಲ ಹೇಳಲು ಎಲ್ಲಿ ಪುರುಸೊತ್ತು? "ಈ ಎರಡು ಬೇಡ, ಈ ತಲೆಯದ್ದು" ಅಂದೆ.

"ತಲೆ ಬೇಡವಾದರೆ ಕಡಿದು ಕೊಡ್ತೇನೆ ಮಾರಾಯ್ರೆ" ಅಂದರು ಕತ್ತಿ ಎತ್ತಿಕೊಂಡು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ನಿಂತವರು ಅವೆರಡನ್ನೂ ತಮ್ಮ ಚೀಲಕ್ಕೆ ಹಾಕಿಸಿಕೊಂಡರು.