ಮೊದಲು ಪೂಜೆ, ಆಮೇಲೆ ಪೈಪು

ಜೆಸಿಬಿ ತಗುಲಿ ಕುಡಿಯುವ ನೀರಿನ ಪೈಪು ಒಡೆದು ನಡುರಸ್ತೆಯಲ್ಲಿ ಕಾರಂಜಿ ಎದ್ದ ಸುದ್ದಿಯನ್ನು ನೀವೂ ಓದಿರುತ್ತೀರಿ. ಯಾವ ಬಡಾವಣೆಯದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಯಾವ ವಾರದ ಪತ್ರಿಕೆ ಬಿಡಿಸಿದರೂ ಒಂದು ಕಾರಂಜಿ ಸಿಗುತ್ತದೆ. ಬೃಂದಾವನದ ತನಕ ಹೋಗಿ ಟಿಕೆಟ್ ಕೊಳ್ಳಲಾಗದವರಿಗೆ ಅಷ್ಟಾದರೂ ಅನುಕೂಲವಾಯಿತು. ಅಧಿಕಾರಿಗಳ ಹೇಳಿಕೆಯಂತೂ ಅಚ್ಚಾಗಿಯೇ ಇರುತ್ತದೆ: ಅಲ್ಲಿ ಪೈಪು ಇರುವ ಮಾಹಿತಿ ನಮಗಿರಲಿಲ್ಲ. ಹಾಗೆ ಹೇಳುವವರು ಆ ಪೈಪು ಹಾಕಿಸಿದ ಇಲಾಖೆಯವರೇ ಆಗಿರುವುದೂ ಉಂಟು.

ನೆಲ ಅಗೆಯುವುದಕ್ಕೆ ನಮ್ಮಲ್ಲಿ ಶಾಸ್ತ್ರವಿಲ್ಲ ಎಂದು ಯಾರೂ ದೂರುವಂತಿಲ್ಲ. ಗುದ್ದಲಿ ಪೂಜೆಯಾಗದೆ ಚರಂಡಿಯ ಒಂದು ಕಲ್ಲೂ ಕದಲುವುದಿಲ್ಲ. ರಾಹುಕಾಲ ಕಳೆಯಬೇಕು, ಶಾಸಕರು ಬರಬೇಕು. ಅವರು ಬರುವಷ್ಟರಲ್ಲಿ ಯಮಗಂಡಕಾಲ ಶುರುವಾಗಿರುತ್ತದೆ. ಈಶಾನ್ಯ ಮೂಲೆ ಯಾವುದೆಂದು ಪುರೋಹಿತರು ತೋರಿಸುತ್ತಾರೆ. ಆ ಮೂಲೆಯ ಕೆಳಗೆ ಏನಿದೆ ಎಂದು ತೋರಿಸಬಲ್ಲವರ ಹೆಸರು ಮಾತ್ರ ಆಮಂತ್ರಣ ಪತ್ರಿಕೆಯಲ್ಲಿ ಇರುವುದಿಲ್ಲ, ಅದರಲ್ಲಿ ಮಾಜಿ ಉಪಾಧ್ಯಕ್ಷರ ಹೆಸರೂ ಇರುತ್ತದೆ. ಗುದ್ದಲಿ ಹೊಚ್ಚ ಹೊಸದು. ಕಾವಿಗೆ ಸೇವಂತಿಗೆ ಸುತ್ತಿರುತ್ತಾರೆ, ಅಲಗಿಗೆ ಅರಿಶಿನ ಕುಂಕುಮದ ಬೊಟ್ಟು, ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡೇ ಇರುತ್ತದೆ. ಶಾಸಕರು ಮೂರು ಏಟು ಹಾಕುತ್ತಾರೆ, ಮೂರನೆಯದು ಕ್ಯಾಮೆರಾಕ್ಕೆ. ಆಮೇಲೆ ಗುದ್ದಲಿ ಕಾರಿನ ಡಿಕ್ಕಿ ಸೇರಿ ಮುಂದಿನ ಪೂಜೆಗೆ ಹೊರಡುತ್ತದೆ. ಬೆವರು ಕಾಣದೆ ನಿವೃತ್ತಿಯಾಗುವುದು ಸರ್ಕಾರದಲ್ಲಿ ಅದೊಂದೇ ಅಲ್ಲ ಬಿಡಿ. ಶಾಮಿಯಾನ ಬಿಚ್ಚುವ ಮೊದಲೇ ಜೆಸಿಬಿ ಬಂದು ಗುರುಗುಟ್ಟುತ್ತಾ ನಿಂತಿರುತ್ತದೆ.

ಈ ಜೆಸಿಬಿಯನ್ನು ಬೈಯೋಣವೆಂದರೆ ಮಂಡ್ಯದವರು ಬಿಡುವುದಿಲ್ಲ. ಅಲ್ಲಿ ಅದು ಅರ್ಧ ದೇವರು. ಚುನಾವಣೆ ಬಂತೆಂದರೆ ಬಕೆಟ್ಟಿನ ತುಂಬ ಹೂವು ತುಂಬಿ ಅಭ್ಯರ್ಥಿಯ ತಲೆಯ ಮೇಲೆ ಸುರಿಯುತ್ತಾರೆ. ಇನ್ನೊಂದು ಕಡೆಯಿಂದ ಕ್ರೇನಿನಲ್ಲಿ ಸೇಬಿನ ಹಾರ ಇಳಿಯುತ್ತದೆ; ಅದು ನಾಯಕರ ಕೊರಳಿಗೆ ತಾಗಿತೋ ಇಲ್ಲವೋ, ಅರ್ಧ ಸೇಬು ಜನರ ಜೇಬಿನಲ್ಲಿರುತ್ತದೆ. ಆಪರೇಟರ್‌ನ ಕೈಚಳಕ ನೋಡಬೇಕು. ಅಷ್ಟು ದೊಡ್ಡ ಕಬ್ಬಿಣದ ಕೈಯನ್ನು ನಾಯಕರ ಪೇಟ ಅಲುಗದ ಹಾಗೆ ತಲೆಯ ಮೇಲೆ ತಂದು, ಮೆಲ್ಲಗೆ ಬಗ್ಗಿಸಿ, ಸೇವಂತಿಗೆ ಉದುರಿಸುತ್ತಾನೆ. ಅದೇ ಕೈ ಮರುವಾರ ಪೈಪು ಸೀಳಿದರೆ ಕೈ ಕೆಟ್ಟಿತೆಂದಲ್ಲ. ನಾಯಕರು ಕಣ್ಣಿಗೆ ಕಾಣುತ್ತಾರೆ, ಪೈಪು ಕಾಣುವುದಿಲ್ಲ, ಎಲ್ಲಿದೆ ಎಂದು ಯಾರೂ ಅವನಿಗೆ ಹೇಳಿರುವುದಿಲ್ಲ.

ಒಡೆದದ್ದು ನೀರಿನ ಪೈಪಾದರೆ ಕಾರಂಜಿ, ಸರಿ. ಆದರೆ ಮಂಗಳೂರಿನಿಂದ ಹಾಸನ, ಮೈಸೂರು ದಾಟಿ ಸೋಲೂರಿನ ಕಡೆಗೆ ಎಲ್‌ಪಿಜಿ ಪೈಪ್‌ಲೈನೊಂದು ಇದೇ ನೆಲದಡಿಯಲ್ಲಿ ಹೋಗಿದೆ. ಒತ್ತಡದಲ್ಲಿ ದ್ರವವಾಗಿ ಹರಿಯುವ ಅದು ಹೊರಬಿದ್ದರೆ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೆ ಹಾರಿ ಹೋಗುವುದಿಲ್ಲ, ತಗ್ಗು ಹುಡುಕಿಕೊಂಡು ತೆವಳುತ್ತದೆ. ನಮ್ಮ ಕಡೆ ತಗ್ಗಿಗೆ ಬರವೇ? ಚರಂಡಿ, ಕಾಲುವೆ, ಕಬ್ಬಿನ ಗದ್ದೆ. ಕಿಡಿಯನ್ನೂ ಬೇರೆ ಕಡೆಯಿಂದ ತರಬೇಕಾಗಿಲ್ಲ, ಜೆಸಿಬಿಯ ಎಂಜಿನ್ ಪಕ್ಕದಲ್ಲೇ ಓಡುತ್ತಿರುತ್ತದೆ.

ಇಂಥ ಪೈಪುಗಳಿಗೆಂದೇ 1962ರ ಕಾಯ್ದೆಯಿದೆ. ಭೂಮಿ ರೈತನದೇ, ಬಳಕೆಯ ಹಕ್ಕು ಮಾತ್ರ ಪೈಪಿನವರದು; ಅದಕ್ಕೆ ಪರಿಹಾರ ಭೂಮಿಯ ಮಾರುಕಟ್ಟೆ ಬೆಲೆಯ ಶೇ 10. ಪೈಪು ಹಾದ ಆ ನೆಲದ ಪಟ್ಟಿಯಲ್ಲಿ ರೈತ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ತನ್ನ ಹೊಲದಲ್ಲಿ ತೆಂಗಿನ ಸಸಿ ಇಡಲಾರದವನು ಬೇಲಿಯಾಚೆ ನೋಡುತ್ತಾನೆ: ಕೇಬಲ್ಲಿನವರು ಯಾರನ್ನೂ ಕೇಳದೆ ರಸ್ತೆಯ ಅಂಚನ್ನು ಸೀಳಿಕೊಂಡು ಬರುತ್ತಿರುತ್ತಾರೆ. ಕೆಳಗೆ ಪೈಪಿದೆ ಎಂದು ಸಾರುವ ಕಂಬಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿರುತ್ತಾರೆ. ತುರ್ತು ಕರೆಯ ಸಂಖ್ಯೆ ಸರಿಯಾಗಿ ಯುವ ಮುಖಂಡರ ಕೂಲಿಂಗ್ ಗ್ಲಾಸಿನ ಹಿಂದೆ ಬರುತ್ತದೆ.

ಅಮೆರಿಕದಲ್ಲಿ 2007ರಿಂದ 811 ಎಂಬ ಒಂದೇ ಸಂಖ್ಯೆಯಿದೆ. ಹಿತ್ತಲಲ್ಲಿ ಗಿಡ ನೆಡಲು ಗುಂಡಿ ತೋಡುವವರೂ ಎರಡು ಮೂರು ದಿನ ಮೊದಲು ಕರೆ ಮಾಡಬೇಕು. ಪೈಪು, ತಂತಿಗಳ ಒಡೆಯರು ಕಾಸು ಕೇಳದೆ ಗುರುತು ಹಾಕಿಸುತ್ತಾರೆ. ತೈಲಕ್ಕೂ ಅನಿಲಕ್ಕೂ ಹಳದಿ, ವಿದ್ಯುತ್ತಿಗೆ ಕೆಂಪು, ಕುಡಿಯುವ ನೀರಿಗೆ ನೀಲಿ. ನಾವು ಗುದ್ದಲಿಗೆ ಬಳಿಯುವ ಅರಿಶಿನ ಕುಂಕುಮವನ್ನು ಅವರು ನೆಲಕ್ಕೆ ಬಳಿಯುತ್ತಾರೆ, ವ್ಯತ್ಯಾಸ ಅಷ್ಟೇ. ಗುರುತಿನ ಆಚೀಚೆ ಎರಡು ಅಡಿಯಷ್ಟು ಜಾಗದಲ್ಲಿ ಯಂತ್ರ ಇಳಿಸದೆ ಕೈಯಿಂದ ಅಗೆದು ಪೈಪನ್ನು ಕಣ್ಣಾರೆ ನೋಡಿಕೊಳ್ಳಬೇಕು. ಗುದ್ದಲಿಗೆ ನಿಜವಾಗಿ ಕೆಲಸವಿರುವುದೇ ಅಲ್ಲಿ. ನಮ್ಮದು ಆ ಹೊತ್ತಿಗೆ ಡಿಕ್ಕಿಯಲ್ಲಿರುತ್ತದೆ.

ಹಾಗೆಂದು ಅಮೆರಿಕವೇನೂ ದೇವಲೋಕವಲ್ಲ. ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್‌ನಲ್ಲಿ ಪೆಟ್ರೋಲಿಯಂ ಪೈಪು ಬಾಗಿದ್ದ ಕಡೆ ಗುರುತು ಬಾಗಿರಲಿಲ್ಲ. 2004ರ ನವೆಂಬರ್‌ನಲ್ಲಿ ನೀರಿನ ಪೈಪು ಹಾಕುತ್ತಿದ್ದ ಯಂತ್ರ ಅದಕ್ಕೆ ತಗುಲಿ ಐವರು ಕಾರ್ಮಿಕರು ಸತ್ತರು.

ನಮ್ಮಲ್ಲೂ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಇದೆ. 2023ರ ಮಾರ್ಚ್ 22ರಂದು ಪ್ರಧಾನಿಯವರೇ ಬಿಡುಗಡೆ ಮಾಡಿದರು. ಕಂಡಕಂಡಲ್ಲಿ ಅಗೆದು ಕೇಬಲ್ ಕತ್ತರಿಸುವುದರಿಂದ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಸರ್ಕಾರವೇ ಲೆಕ್ಕ ಕೊಟ್ಟಿತು. ಅಗೆಯುವವರು ಮೊದಲೇ ತಿಳಿಸಬೇಕೆಂಬ ನಿಯಮವೂ ಆ ವರ್ಷದ ಜನವರಿಯಲ್ಲೇ ಬಂದಿತ್ತು. ಅಗೆಯುವ ಜಾಗದಲ್ಲಿ ಮೊಬೈಲ್ ಜೇಬಿನಿಂದ ಹೊರಬರುವುದು ಮಾತ್ರ ಇವತ್ತಿಗೂ ಕಾರಂಜಿ ಎದ್ದ ಮೇಲೆ, ವಿಡಿಯೊ ತೆಗೆಯಲು.

ಇಷ್ಟು ಹೊತ್ತು ತಮಾಷೆ ಮಾಡಿದೆ. ಒಡೆದ ಪೈಪು ಕೊನೆಗೂ ಪ್ರಾಮಾಣಿಕ, ಎಲ್ಲರಿಗೂ ಗೊತ್ತಾಗುತ್ತದೆ. ಹೆದರಬೇಕಾದದ್ದು ಒಡೆಯದೆ ಬರೀ ತರಚಿಕೊಂಡದ್ದಕ್ಕೆ. ಬಕೆಟ್ಟಿನ ಹಲ್ಲು ಏನಕ್ಕೋ ಗೀರಿ ಕಿರ್ರ್ ಎನ್ನುತ್ತದೆ. ಆಪರೇಟರ್ ಇಣುಕಿ, ‘ಅಣ್ಣಾ, ಏನೋ ತಗುಲಿತು’ ಎನ್ನುತ್ತಾನೆ. ‘ಸೋರುತ್ತಿದೆಯಾ?’ ಎಂದು ಮೇಸ್ತ್ರಿ ಕೇಳುತ್ತಾನೆ. ಇಲ್ಲ. ‘ಹಾಗಾದರೆ ಮಣ್ಣು ಎಳಿ.’ ಮುಗಿಯಿತು.

ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ 1994ರಲ್ಲಿ, ನೀರು ಶುದ್ಧೀಕರಣ ಘಟಕದ ಕಾಮಗಾರಿಯಲ್ಲಿ, ಇಂಥದೇ ಪೆಟ್ಟು ಪೆಟ್ರೋಲ್ ಪೈಪಿಗೆ ಬಿತ್ತು. ಮುಂದೆ ಪೈಪಿನ ಒಳಗೆ ಉಪಕರಣ ಹಾಯಿಸಿ ನೋಡಿದಾಗ ಕುರುಹು ಕಂಡಿತ್ತು. ಕಂಪನಿ ಅಲ್ಲಿ ಅಗೆದು ನೋಡಲಿಲ್ಲ. ಅಗೆಯಲೇಬೇಕಾದ ಒಂದೇ ಒಂದು ಕಡೆ ಅಗೆಯಲಿಲ್ಲ. 1999ರ ಜೂನ್ 10ರಂದು ಅದು ಬಿರಿದು ಸುಮಾರು 9 ಲಕ್ಷ ಲೀಟರ್ ಪೆಟ್ರೋಲ್ ಹೊಳೆಗೆ ಹರಿದು ಹೊತ್ತಿಕೊಂಡಿತು. ಆಡುತ್ತಿದ್ದ ಹತ್ತು ವರ್ಷದ ಇಬ್ಬರು ಹುಡುಗರು, ಮೀನು ಹಿಡಿಯಲು ಬಂದಿದ್ದ ಹದಿನೆಂಟರ ಒಬ್ಬ ಯುವಕ ಸತ್ತರು. ಪೆಟ್ಟಿಗೂ ಸಾವಿಗೂ ನಡುವೆ ಐದು ವರ್ಷ. ನಮ್ಮಲ್ಲಾದರೆ ಅಷ್ಟರಲ್ಲಿ ಗುತ್ತಿಗೆದಾರನ ಠೇವಣಿ ವಾಪಸಾಗಿ, ಎಂಜಿನಿಯರ್‌ಗೆ ಎರಡು ವರ್ಗಾವಣೆಯಾಗಿ, ಅದೇ ರಸ್ತೆಗೆ ಮತ್ತೊಂದು ಪೂಜೆಯೂ ಆಗಿರುತ್ತದೆ.

ಕಾಮಗಾರಿಯ ಅಂದಾಜು ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಮಣ್ಣು ಅಗೆಯಲು ಘನ ಮೀಟರಿಗೆ ಇಷ್ಟು, ಸಾಗಿಸಲು ಇಷ್ಟು, ಮುಚ್ಚಲು ಇಷ್ಟು. ಪೈಪಿನವರು ಬಂದು ಗುರುತು ಹಾಕುವ ತನಕ ಜೆಸಿಬಿ ಎರಡು ದಿನ ಸುಮ್ಮನೆ ನಿಂತರೆ ಅದರ ಬಾಡಿಗೆ ಯಾರು ಕೊಡಬೇಕು ಎಂಬ ಸಾಲು ನಾನು ನೋಡಿದ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆಪರೇಟರ್ ಗಂಟೆ ಲೆಕ್ಕದ ಕೂಲಿಯವನು, ಮೇಸ್ತ್ರಿಗೆ ಸಂಜೆಯೊಳಗೆ ಕೆಲಸ ಮುಗಿಯಬೇಕು. ಆ ಒಂದು ಸಾಲು ಬರೆಯಲಾಗದ ಸಾಹೇಬರು ಪೈಪು ಒಡೆದ ಮೇಲೆ ಆಪರೇಟರ್ ವಿರುದ್ಧ ದೂರು ಕೊಡಲು ಠಾಣೆಗೆ ಹೋಗುತ್ತಾರಲ್ಲ, ನಾಚಿಕೆಯಾಗಬೇಕು.