ನಾಯಿಕೊಡೆಯ ಮಾನನಷ್ಟ ಮೊಕದ್ದಮೆ

ಆ ರೀಲ್ ನಿಮಗೂ ಬಂದಿರುತ್ತದೆ. ಹತ್ತಡಿಗೆ ಹತ್ತಡಿಯ ಕೋಣೆ. ಸಾಲಾಗಿ ನೇತಾಡುವ ಪ್ಲಾಸ್ಟಿಕ್ ಚೀಲಗಳು. ಬಿಳಿ ಕೋಟು ಹಾಕಿಕೊಂಡ ಒಬ್ಬ ಮಹಾಶಯ ಬೆರಳು ತೋರಿಸಿ, 'ಇನ್ನೂ ಕೆಲಸಕ್ಕೆ ಹೋಗ್ತಿದ್ದೀರಾ ಸಾರ್?' ಅಂತ ಕೇಳುತ್ತಾನೆ. ಮನೆಯಲ್ಲೇ ಅಣಬೆ, ತಿಂಗಳಿಗೆ ಲಕ್ಷ. ಒಂದು ಸಲ ಪೂರ್ತಿ ನೋಡಿದ್ದೇ ತಪ್ಪಾಯಿತು. ಈಗ ನನ್ನ ಫೋನಿನ ತುಂಬ ಅವನೇ.

ಇಂಥ ಕೋರ್ಸುಗಳು ಬೆಂಗಳೂರಿನಲ್ಲಿ ನಾಯಿಕೊಡೆಗಳಂತೆ ತಲೆಯೆತ್ತಿವೆ ಅಂತ ಬರೆಯಲು ಹೊರಟೆ. ಕೈ ನಿಂತಿತು. ಪಿಜಿ, ಟ್ಯೂಷನ್ ಸೆಂಟರ್, ನಕಲಿ ಕ್ಲಿನಿಕ್, ರೆವಿನ್ಯೂ ಲೇಔಟ್, ಏನೇ ಜಾಸ್ತಿಯಾದರೂ ನಾವು ಬೈಯುವುದು ನಾಯಿಕೊಡೆಯನ್ನು. ಪಾಪ, ಅದು ಯಾವ ಸೈಟು ನುಂಗಿತ್ತು?

ಅಸಲಿಗೆ ಅಣಬೆ ರಾತ್ರೋರಾತ್ರಿ ಹುಟ್ಟುವುದೇ ಇಲ್ಲ. ನಮ್ಮ ಕಣ್ಣಿಗೆ ಬೀಳುವ ಕೊಡೆ ಅದರ ಕಾಯಿ ಅಷ್ಟೇ. ನಿಜವಾದ ಜೀವ ಕೂದಲಿಗಿಂತ ಸಣ್ಣ ಎಳೆಗಳ ಬಲೆಯಾಗಿ ಮಣ್ಣಿನಲ್ಲೋ ಕೊಳೆತ ಮರದಲ್ಲೋ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಹಬ್ಬಿರುತ್ತದೆ. ಅಮೆರಿಕದ ಆರೆಗಾನ್ ಕಾಡಿನಲ್ಲಿ ಇಂಥ ಒಂದೇ ಶಿಲೀಂಧ್ರ ಸುಮಾರು 965 ಹೆಕ್ಟೇರ್ ಹಬ್ಬಿ ಕೂತಿದೆ. ನಮ್ಮ ಲೆಕ್ಕದಲ್ಲಿ ಹತ್ತು ಲಾಲ್‌ಬಾಗ್. ವಯಸ್ಸು ಸಾವಿರಾರು ವರ್ಷ. ಎ ಖಾತಾ ಇಲ್ಲ, ಬಿ ಖಾತಾ ಇಲ್ಲ, ಇ-ಖಾತಾಗೆ ಅರ್ಜಿಯನ್ನೂ ಹಾಕಿಲ್ಲ. ಸುತ್ತಲಿನ ಮರಗಳ ಬೇರು ತಿಂದು, ಅವನ್ನು ಸಾಯಿಸುತ್ತಾ ವಿಸ್ತರಿಸುತ್ತಿದೆ. ಅಷ್ಟರ ಮಟ್ಟಿಗೆ ಅದು ನಮ್ಮ ಊರಿಗೇ ಸೇರಿದ್ದು ಅನ್ನಿ.

ನಮ್ಮಜ್ಜಿ ಅಣಬೆಯನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. 'ಅದು ತರಕಾರಿ ಅಲ್ಲ ಕಣೋ, ಬೇರೆ ಏನೋ' ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು. ವಿಟ್ಟೇಕರ್ ಎಂಬ ವಿಜ್ಞಾನಿ 1969ರಲ್ಲಿ ಶಿಲೀಂಧ್ರಗಳನ್ನು ಸಸ್ಯಗಳ ಗುಂಪಿನಿಂದ ಹೊರಗೆ ತೆಗೆದು, ಅವಕ್ಕೇ ಒಂದು ಬೇರೆ ಸಾಮ್ರಾಜ್ಯ ಕೊಟ್ಟ. ಆಮೇಲೆ ಇನ್ನೂ ಕೆದಕಿ ನೋಡಿದರೆ ಅವು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು. ಅಣಬೆಯ ಮೈಗೆ ಗಟ್ಟಿತನ ಕೊಡುವ ಕೈಟಿನ್ ಸಿಗಡಿಯ ಚಿಪ್ಪಿನಲ್ಲೂ ಇದೆ. ಅಜ್ಜಿಗೆ ಯಾರೂ ಡಾಕ್ಟರೇಟ್ ಕೊಡಲಿಲ್ಲ. ಆದರೆ ದರ್ಶಿನಿಯ ಹಸಿರು ಬೋರ್ಡಿನ ಕೆಳಗೆ ಮಶ್ರೂಮ್ ಮಂಚೂರಿ ತಿನ್ನುವವರಿಗೆ ಈ ವಿಷಯ ಹೇಳಬೇಡಿ. ಗೋಬಿಗೆ ಬಣ್ಣ ಹಾಕುತ್ತಾರೆ ಅಂತ ಗೊತ್ತಾಗಿಯೇ ಸಾಕಷ್ಟು ನೊಂದಿದ್ದಾರೆ.

ಈಗ ಅಣಬೆ ಕಾಫಿಯೂ ಬಂದಿದೆ. ಬೈ-ಟು ಕಾಫಿ ಕುಡಿಯುವ ಊರಿಗೆ ಅಣಬೆ ಪುಡಿ ಬೆರೆಸಿದ ಕಾಫಿ! ಬುದ್ಧಿ ಚುರುಕಾಗುತ್ತದಂತೆ. ಡಬ್ಬಿಯ ಬೆಲೆ ನೋಡಿಯೂ ಕೊಂಡವರಿಗೆ ಅದು ತುರ್ತಾಗಿ ಬೇಕು, ಒಪ್ಪುತ್ತೇನೆ.

ಸರಿ, ರೀಲಿಗೆ ಬರೋಣ. ನಮ್ಮ ಭಾವ ನಿವೃತ್ತರಾದ ಮೂರನೇ ತಿಂಗಳಿಗೆ ಅಂಥದೇ ಒಂದು ತರಬೇತಿಗೆ ಸೇರಿದರು. ದೊಡ್ಡ ಹೋಟೆಲಿನ ಎಸಿ ಹಾಲ್. ಎರಡು ದಿನ. ಬೀಜ ಹೇಗೆ ತಯಾರಾಗುತ್ತದೆ ಅನ್ನುವುದಕ್ಕೆ ಹತ್ತು ನಿಮಿಷ, ಲಕ್ಷಾಧಿಪತಿಯಾದ ಮೇಲೆ ಯಾವ ಕಾರು ಕೊಳ್ಳಬೇಕು ಅನ್ನುವುದಕ್ಕೆ ಒಂದೂವರೆ ಗಂಟೆ. ಊಟಕ್ಕೆ ಪನೀರ್. ಅಣಬೆ ಯಾಕಿಲ್ಲ ಅಂತ ಒಬ್ಬರೂ ಕೇಳಲಿಲ್ಲವಂತೆ. ಕೊನೆಗೆ ಒಂದು ಕಿಟ್, ಒಂದು ಸರ್ಟಿಫಿಕೇಟ್, ಮತ್ತು ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂಬ ಛಾಪಾ ಕಾಗದ.

ಸಿಂಪಿ ಅಣಬೆ, ಅಂದರೆ ಆಯ್ಸ್ಟರ್ ಮಶ್ರೂಮ್, ಬೆಳೆಯುವುದು ಕಷ್ಟವಲ್ಲ, ಬೆಂಗಳೂರಿನ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಅದು ಮಡಿಯ ಕೆಲಸ. ಭತ್ತದ ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಲ್ಲಿ ಸರಿಯಾಗಿ ಬೇಯಿಸಿ, ತೇವ ಹದಕ್ಕೆ ಬರುವವರೆಗೆ ಆರಿಸಿ, ಆಮೇಲೆ ಬೀಜ ಹಾಕಿ ಚೀಲ ತುಂಬಬೇಕು. ಬೀಜವೆಂದರೆ ಬೇಯಿಸಿ, ಸೋಂಕಿಲ್ಲದಂತೆ ಮಾಡಿದ ಜೋಳದ ಕಾಳಿನ ಮೇಲೆ ಅಣಬೆಯ ಎಳೆ ಹಬ್ಬಿಸಿದ್ದು. ಎರಡು ಮೂರು ವಾರ ಕತ್ತಲಲ್ಲಿ ಇಟ್ಟರೆ ಚೀಲವೆಲ್ಲ ಬೆಳ್ಳಗಾಗುತ್ತದೆ. ಹುಲ್ಲು ಅರೆಬೆಂದಿದ್ದರೆ ಟ್ರೈಕೋಡರ್ಮಾ ಎಂಬ ಇನ್ನೊಂದು ಶಿಲೀಂಧ್ರ ಬಂದು ಹಸಿರು ಬೂಸ್ಟು ಹಿಡಿಸುತ್ತದೆ. ಇದೇ ಟ್ರೈಕೋಡರ್ಮಾವನ್ನು ಮಲೆನಾಡಿನವರು ದುಡ್ಡು ಕೊಟ್ಟು ತಂದು ಮೆಣಸಿನ ಬಳ್ಳಿಯ ಬುಡಕ್ಕೆ ಹಾಕುತ್ತಾರೆ, ರೋಗ ಬರದಿರಲಿ ಅಂತ. ಭಾವನಿಗೆ ಅದು ಬಿಟ್ಟಿಯಾಗಿ ಸಿಕ್ಕಿತು.

ಮೊದಲ ನಲವತ್ತು ಚೀಲ ಹಸಿರಾದಾಗ ಅವರು ಸಹಾಯವಾಣಿಗೆ ಫೋನ್ ಮಾಡಿದರು. 'ಹಸಿರು ಒಳ್ಳೇದೇ ಸಾರ್, ಆರ್ಗ್ಯಾನಿಕ್' ಅಂದರಂತೆ.

ಉಳಿದ ಚೀಲಗಳಲ್ಲಿ ಹನ್ನೊಂದು ಕಿಲೋ ಬಂತು. ಕೊಳ್ಳುವವರು 'ಗ್ರೇಡ್ ಸರಿಯಿಲ್ಲ' ಅಂದರು. ಆಮೇಲೆ ಫೋನ್ ಸ್ವಿಚ್ ಆಫ್. ಸಿಂಪಿ ಅಣಬೆ ಎರಡು ದಿನಕ್ಕಿಂತ ಹೆಚ್ಚು ಹೊರಗೆ ತಾಳುವುದಿಲ್ಲ. ಅಕ್ಕ ಪಲ್ಯ ಮಾಡಿದಳು, ಸಾರು ಮಾಡಿದಳು, ಬಿರಿಯಾನಿ ಮಾಡಿದಳು, ಕೊನೆಗೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಕವರಿನಲ್ಲಿ ಹಾಕಿ ಕೊಟ್ಟಳು.

ಇಲ್ಲಿ ನನಗೆ ನಗು ಬರುತ್ತಿಲ್ಲ. ಅದು ಮೂವತ್ತೆರಡು ವರ್ಷ ದುಡಿದ ಮನುಷ್ಯನ ಗ್ರಾಚುಟಿ ದುಡ್ಡು. ದೂರು ಕೊಡಲು ಹೋದರೆ 'ಬೆಳೆ ಬರದಿದ್ದರೆ ನಾವೇನ್ರೀ ಮಾಡೋದು?' ಅಂತ ಕೇಳಿ ಕಳಿಸಿದರು. ಇದೇ ಊರಿನ ಅಂಚಿನಲ್ಲಿ, ಹೆಸರಘಟ್ಟದಲ್ಲಿ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಅಲ್ಲಿ ಅಣಬೆಗೇ ಒಂದು ಪ್ರಯೋಗಾಲಯ ಇದೆ. ಬೀಜ ತಯಾರಿಸುತ್ತಾರೆ, ತರಬೇತಿ ಕೊಡುತ್ತಾರೆ. ಹಿಮಾಚಲದ ಸೋಲನ್‌ನಲ್ಲಿ ಸರ್ಕಾರದ ಅಣಬೆ ಸಂಶೋಧನಾ ಕೇಂದ್ರ ಶುರುವಾಗಿದ್ದು 1983ರಲ್ಲಿ. ಇಷ್ಟು ವರ್ಷ ಜನ ಕೂತು ಹುಲ್ಲು ಬೇಯಿಸಿ, ಉಷ್ಣತೆ ಬರೆದು, ತಳಿ ಆರಿಸಿ ಇಟ್ಟಿದ್ದಾರೆ. ಆದರೆ ಅವರು ಬೆರಳು ತೋರಿಸಿ 'ಇನ್ನೂ ಕೆಲಸಕ್ಕೆ ಹೋಗ್ತಿದ್ದೀರಾ?' ಅಂತ ಕೇಳುವುದಿಲ್ಲವಲ್ಲ. ಬೇಯಿಸುವುದು ಕಷ್ಟ, ಮಾರುವುದು ಇನ್ನೂ ಕಷ್ಟ ಅಂತ ನಿಜ ಹೇಳುವವರ ರೀಲನ್ನು ಯಾರು ನೋಡುತ್ತಾರೆ? ನಾನೂ ನೋಡಲ್ಲ.

ಕಳೆದ ಭಾನುವಾರ ಭಾವ ಮನೆಗೆ ಬಂದಿದ್ದರು. ಹೊಸ ನಂಬರಿನಿಂದ ಕರೆ ಬಂದಿತ್ತಂತೆ, ಬೇರೆ ಕಂಪನಿ, ಅದೇ ದನಿ. 'ನಿಮಗೆ ಈ ಫೀಲ್ಡಲ್ಲಿ ಅನುಭವ ಇದೆ ಸಾರ್. ನಮ್ಮಲ್ಲಿ ಟ್ರೇನರ್ ಆಗಿ ಬನ್ನಿ. ಬಿಳಿ ಕೋಟು ನಾವೇ ಕೊಡ್ತೀವಿ.'

'ಬೈದು ಇಟ್ರಿ ತಾನೇ ಭಾವ?' ಅಂದೆ.

ಅವರು ಕಾಫಿ ಲೋಟ ಕೆಳಗಿಟ್ಟರು. 'ಬ್ಯಾಚಿಗೆ ಎಷ್ಟು ಕೊಡ್ತೀರಿ ಅಂತ ಕೇಳಿದೀನಪ್ಪಾ' ಅಂದರು.