20 ಲೀಟರ್‌ನ ಅನ್ಯಗ್ರಹ ಜೀವಿ

ರಾತ್ರಿ ಹನ್ನೊಂದರ ಮೇಲೆ ನಾನು ಫೋನಿನಲ್ಲಿ ಕದ್ದು ಏನು ನೋಡುತ್ತೇನೆ ಅಂತ ನನ್ನ ಹೆಂಡತಿಗೆ ಬಹಳ ದಿನದಿಂದ ಅನುಮಾನವಿತ್ತು. ಒಂದು ದಿನ ಸದ್ದಿಲ್ಲದೆ ಹಿಂದಿನಿಂದ ಬಂದು ಇಣುಕಿದಳು. ಪರದೆ ಮೇಲೆ ಒಂದು ಗೊರಿಲ್ಲಾ ತಲೆಗೆ ಹಂಡೆಯಂಥದ್ದೇನೋ ಹಾಕಿಕೊಂಡು ಗುಡ್ಡ ಹತ್ತುತ್ತಿತ್ತು. ಎಷ್ಟು ಹೊತ್ತಾದರೂ ಹತ್ತುತ್ತಲೇ ಇತ್ತು. "ಇದಕ್ಕಾ ಇಷ್ಟು ಗುಟ್ಟು?" ಅಂದು ಹೋಗಿ ಮಲಗಿದಳು. ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಜಾಸ್ತಿ ಇತ್ತು.

ಇದು ನನ್ನ ಚಟ. 1950ರ ದಶಕದಲ್ಲಿ ಅಮೆರಿಕದಲ್ಲಿ ಪುಡಿಗಾಸಿನಲ್ಲಿ ತೆಗೆದ ಕಪ್ಪು-ಬಿಳುಪು ಸಿನಿಮಾಗಳು. ಬೇರೆ ಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುತ್ತಾರೆ. ಅದೂ ನೇರವಾಗಿ ಅಮೆರಿಕಕ್ಕೇ ಬರುತ್ತಾರೆ. ಮಿಕ್ಕ ದೇಶಗಳು ಹಾಳಾಗಿದ್ದು ರೇಡಿಯೋದಲ್ಲಿ ಒಂದು ಸಾಲಿನಲ್ಲಿ ಗೊತ್ತಾಗುತ್ತದೆ.

ಆ ಗೊರಿಲ್ಲಾ ಸಿನಿಮಾದ ಹೆಸರು 'ರೋಬಾಟ್ ಮಾನ್‌ಸ್ಟರ್', 1953ರದ್ದು. ನಿರ್ದೇಶಕ ಫಿಲ್ ಟಕರ್‌ಗೆ ಬೇಕಾಗಿದ್ದದ್ದು ರೋಬಾಟ್. ಅದನ್ನು ಮಾಡಿಸಲು ದುಡ್ಡಿಲ್ಲ. ಜಾರ್ಜ್ ಬ್ಯಾರೋಸ್ ಅನ್ನುವ ನಟನ ಹತ್ತಿರ ಸ್ವಂತದ್ದೊಂದು ಗೊರಿಲ್ಲಾ ವೇಷ ಇತ್ತು. ಸರಿ, ಮೈಗೆ ಅದೇ ವೇಷ, ತಲೆಗೆ ಸಮುದ್ರಕ್ಕೆ ಇಳಿಯುವವರ ಹೆಲ್ಮೆಟ್, ಅದರ ಮೇಲೆ ಆಂಟೆನಾ. ಭೂಮಿ ಮೇಲೆ ಎಂಟೇ ಎಂಟು ಜನರನ್ನು ಬಿಟ್ಟು ಉಳಿದವರನ್ನೆಲ್ಲ ಮುಗಿಸಿದ ಭಯಂಕರ ಅನ್ಯಗ್ರಹದವನು ತಯಾರು. ಅವನ ಯಂತ್ರದಿಂದ ಸೋಪಿನ ಗುಳ್ಳೆಗಳು ಏಳುತ್ತವೆ. ಯಾಕೆ ಅಂತ ಕೇಳಬೇಡಿ. ನಮ್ಮಲ್ಲಿ ಶೂಟಿಂಗಿಗೆ ಮನೆ ಕೊಟ್ಟವರಿಗೆ ಕೃತಜ್ಞತೆ ಹೇಳುತ್ತಾರಲ್ಲ, ಹಾಗೆ ಆ ಗುಳ್ಳೆ ಯಂತ್ರಕ್ಕೂ ಟೈಟಲ್ ಕಾರ್ಡಿನಲ್ಲಿ ಜಾಗ ಕೊಟ್ಟಿದ್ದಾರೆ. ನಾಲ್ಕು ದಿನದ ಶೂಟಿಂಗ್, ಸುಮಾರು 16,000 ಡಾಲರ್ ಖರ್ಚು. ಸಂಗೀತ ಮಾತ್ರ ಎಲ್ಮರ್ ಬರ್ನ್‌ಸ್ಟೀನ್ ಅವರದ್ದು. ಮೂರು ವರ್ಷ ಬಿಟ್ಟು 'ದಿ ಟೆನ್ ಕಮಾಂಡ್‌ಮೆಂಟ್ಸ್'ಗೆ ಸಂಗೀತ ಕೊಟ್ಟವರು ಇವರೇ. ಹಾಗಾಗಿ ಗೊರಿಲ್ಲಾ ಏದುಸಿರು ಬಿಡುತ್ತಾ ಗುಡ್ಡ ಹತ್ತಿದರೂ ಹಿನ್ನೆಲೆಯಲ್ಲಿ ಯಾರೋ ಪ್ರವಾದಿ ಬರುವ ಗಾಂಭೀರ್ಯ.

ಎಲ್ಲವೂ ಹೀಗೆ ನಗಿಸುತ್ತವೆ ಅಂತ ತಿಳಿಯಬೇಡಿ. ಮುಕ್ಕಾಲು ಪಾಲು ಬರೀ ಬೋರು. ಸೋಫಾದ ಮೇಲೆ ಇಬ್ಬರು ಕೂತು ಅಣುಶಕ್ತಿ ಬಗ್ಗೆ ಮಾತಾಡುತ್ತಾರೆ. ಆಮೇಲೆ ಸೇನೆಯವರೊಬ್ಬರು ನಕ್ಷೆ ಮುಂದೆ ನಿಂತು ಅದನ್ನೇ ಇನ್ನೊಮ್ಮೆ ಹೇಳುತ್ತಾರೆ. ಮಾತಿಗೆ ದುಡ್ಡು ಬೀಳುವುದಿಲ್ಲ, ಬೇರೆ ಗ್ರಹದವರ ಹಾರುವ ತಟ್ಟೆ ತೋರಿಸಲು ಬೀಳುತ್ತದೆ, ಅಷ್ಟೇ ಲೆಕ್ಕ. ಹೆಂಗಸರ ಕೆಲಸ ಎರಡು: ಕಿರುಚುವುದು, ಕಾಫಿ ಕೊಡುವುದು. ಈ ವಿಷಯದಲ್ಲಿ 1963ರ ತಮಿಳು ಚಿತ್ರ 'ಕಲೈ ಅರಸಿ' ಎಷ್ಟೋ ವಾಸಿ. ಅದರಲ್ಲಿ ಬೇರೆ ಗ್ರಹದವರು ಬರುವುದು ಹಾಡುಗಾರ್ತಿ ಭಾನುಮತಿಯನ್ನು ಹೊತ್ತೊಯ್ಯಲು, ಅವರ ಲೋಕದಲ್ಲಿ ಸಂಗೀತ ಇಲ್ಲ ಅಂತ. ಎಂ.ಜಿ.ಆರ್. ಬಿಡುತ್ತಾರಾ?

ನನ್ನ ಈ ಚಟಕ್ಕೆ ಜೊತೆ ಸಿಕ್ಕಿದ್ದು ಅಪ್ಪ. ಕಣ್ಣಿನ ಆಪರೇಷನ್‌ಗೆ ಅಂತ ಊರಿಂದ ಬಂದು ಒಂದು ತಿಂಗಳು ನಮ್ಮ ಮನೆಯಲ್ಲಿದ್ದರು. ಪೊರೆ ತೆಗೆಸಿದ ಹೊಸ ಕಣ್ಣಿಗೆ ನಾನು ಮೊದಲು ತೋರಿಸಿದ ಸಿನಿಮಾ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್'. ಎಡ್ ವುಡ್ ತೆಗೆದದ್ದು. ಇಲ್ಲಿ ಬೇರೆ ಗ್ರಹದವರು ಸತ್ತವರನ್ನು ಎಬ್ಬಿಸಿ ನಮ್ಮ ಮೇಲೆ ಬಿಡುತ್ತಾರೆ. 1980ರಲ್ಲಿ ಒಂದು ಪುಸ್ತಕ ಇದಕ್ಕೆ ಪ್ರಪಂಚದ ಅತಿ ಕೆಟ್ಟ ಸಿನಿಮಾ ಅನ್ನುವ ಬಿರುದು ಕೊಟ್ಟಿತು. ಅಪ್ಪನಿಗೆ ಇದನ್ನೆಲ್ಲ ಹೇಳಿರಲಿಲ್ಲ.

ಅವರು ಕಪ್ಪು ಕನ್ನಡಕ ಹಾಕಿಕೊಂಡು ಕೈಕಟ್ಟಿ ಗಂಭೀರವಾಗಿ ನೋಡಿದರು. ಗೋರಿಕಲ್ಲು ಅಲ್ಲಾಡಿತು, ಮಾತಾಡಲಿಲ್ಲ. ಒಂದೇ ಸನ್ನಿವೇಶದಲ್ಲಿ ಹಗಲಾಯಿತು, ರಾತ್ರಿಯಾಯಿತು, ಮತ್ತೆ ಹಗಲಾಯಿತು, ಆಗಲೂ ಸುಮ್ಮನಿದ್ದರು. ವಿಮಾನದ ಕಾಕ್‌ಪಿಟ್ ಬಂತು. ಎರಡು ಕುರ್ಚಿ, ಹಿಂದೆ ಒಂದು ಪರದೆ, ಅಷ್ಟೇ. ಪೊಲೀಸಿನವನು ಪಿಸ್ತೂಲಿನ ತುದಿಯಲ್ಲೇ ಮೈ ಕೆರೆದುಕೊಂಡ. ಆಗ ಸಣ್ಣಗೆ "ತ್ಚು" ಅಂದರು. ಆಮೇಲೆ ಕಪ್ಪು ನಿಲುವಂಗಿಯ ಮುದುಕ ಎದ್ದು ಬಂದ. ಮುಖಕ್ಕೆ ಬಟ್ಟೆ ಅಡ್ಡ ಹಿಡಿದಿದ್ದ. ಅಪ್ಪ ತಟ್ಟನೆ ಮುಂದಕ್ಕೆ ಬಾಗಿದರು.

"ಏ, ಇವ್ನು ಆ ಮುದುಕ ಅಲ್ಲ ಕಣೋ. ಯಾರೋ ಬೇರೆಯವ್ನನ್ನ ಬಿಟ್ಟವ್ರೆ."

ನನಗೆ ರೋಮಾಂಚನವಾಯಿತು. ಆ ಮುದುಕ ಬೇಲಾ ಲುಗೋಸಿ, ಒಂದು ಕಾಲದ ಡ್ರಾಕುಲಾ. ಕೆಲವೇ ನಿಮಿಷದ ಚಿತ್ರೀಕರಣ ಆಗಿತ್ತು, 1956ರ ಆಗಸ್ಟ್‌ನಲ್ಲಿ ತೀರಿಕೊಂಡರು. ಎಡ್ ವುಡ್ ಆ ತುಣುಕನ್ನೇ ಇಟ್ಟುಕೊಂಡು ಪೂರ್ತಿ ಸಿನಿಮಾ ಕಟ್ಟಿದ. ಉಳಿದ ಕಡೆ ಲುಗೋಸಿಯಾಗಿ ಬಂದವನು ಟಾಮ್ ಮೇಸನ್, ಎಡ್ ವುಡ್ ಹೆಂಡತಿಯ ಬೆನ್ನು-ಕುತ್ತಿಗೆ ನೆಟಿಕೆ ತೆಗೆದು ಸರಿಮಾಡುತ್ತಿದ್ದ ವೈದ್ಯ! ಎತ್ತರದಲ್ಲೂ ಹೋಲಿಕೆ ಇಲ್ಲ, ಮುಖದಲ್ಲೂ ಇಲ್ಲ. ಅದಕ್ಕೇ ಆ ಬಟ್ಟೆ. ದುಡ್ಡು ಹಾಕಿದವರು ಒಂದು ಬ್ಯಾಪ್ಟಿಸ್ಟ್ ಚರ್ಚಿನವರು. ಸಿನಿಮಾದ ಮೊದಲಿನ ಹೆಸರಿನಲ್ಲಿ ಗೋರಿ ಅಗೆಯುವ ಮಾತಿದ್ದದ್ದು ಅವರಿಗೆ ಹಿಡಿಸಲಿಲ್ಲ, ಹೆಸರು ಬದಲಾಯಿತು. ನಟರಲ್ಲಿ ಕೆಲವರಿಗೆ ದೀಕ್ಷಾಸ್ನಾನವನ್ನೂ ಮಾಡಿಸಿದರು. ಹಾರುವ ತಟ್ಟೆಗಳು ಊಟದ ತಟ್ಟೆ ಅಂತಲೂ ಕಾರಿನ ಚಕ್ರದ ಮುಚ್ಚಳ ಅಂತಲೂ ಜನ ಹೇಳುತ್ತಾರೆ. ಅಲ್ಲ, ಅಂಗಡಿಯಲ್ಲಿ ಸಿಗುತ್ತಿದ್ದ ಪ್ಲಾಸ್ಟಿಕ್ ಆಟಿಕೆ.

ಅಪ್ಪನಿಗೆ ಇದೆಲ್ಲ ಹೇಳಿದೆ. ಆಶ್ಚರ್ಯವೇ ಪಡಲಿಲ್ಲ. "ನಮ್ಮ ಕುರುಕ್ಷೇತ್ರದಾಗೆ ಭೀಮಂಗೆ ಹಿಂಗೇ ಆಗಿತ್ತು" ಅಂದರು. ಅಪ್ಪ ಶಕುನಿ ಮಾಡುತ್ತಿದ್ದ ಕಾಲ. ಮಧ್ಯರಾತ್ರಿ ಭೀಮನಿಗೆ ಹೊಟ್ಟೆ ಕೆಟ್ಟು ಚೊಂಬು ಹಿಡಿದು ಹೊಲದ ಕಡೆ ಹೋದವನು ತಿರುಗಿ ಬರಲೇ ಇಲ್ಲ. ಗದಾಯುದ್ಧ ಬಾಕಿ. ವೇಷದ ಬಟ್ಟೆ ಹೊಲಿಯಲು ಬಂದಿದ್ದ ಟೇಲರನ್ನು ಹಿಡಿದು ಕಿರೀಟ ಕಟ್ಟಿ ನೂಕಿದರಂತೆ. ಗದೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿರು ಅಂತ ಹೇಳಿಕೊಟ್ಟರು. ಮಾತೆಲ್ಲ ಸೈಡ್‌ವಿಂಗಿನಿಂದ ಹಾರ್ಮೋನಿಯಂ ಮೇಷ್ಟ್ರದ್ದು. ಮುಂದೆ ಕೂತಿದ್ದ ಯಾರೋ "ಹಸ್ಕೊಂಡವ್ನೆ, ಭೀಮಂಗೆ ಮುದ್ದೆ ಹಾಕ್ರೋ!" ಅಂತ ಕೂಗಿದನಂತೆ. "ಆದ್ರೂ ದುರ್ಯೋಧನ ಸತ್ತ. ನಾಟಕ ನಿಲ್ಲಿಸ್ಲಿಲ್ಲ" ಅಂದು ಅಪ್ಪ ರಿಮೋಟ್ ಕೇಳಿದರು. ಮುದುಕನ ಸೀನ್ ಇನ್ನೊಮ್ಮೆ ನೋಡಬೇಕಿತ್ತಂತೆ.

ಆ ಉತ್ಸಾಹದಲ್ಲೇ ನಾನು ಕೆಟ್ಟೆ. ಮಗಳ ಸ್ಕೂಲಲ್ಲಿ ಫ್ಯಾನ್ಸಿ ಡ್ರೆಸ್ ಇತ್ತು. ಬಾಡಿಗೆ ವೇಷಕ್ಕೆ 800 ರೂಪಾಯಿ ಕೇಳಿದರು. ಫಿಲ್ ಟಕರ್ ಕೈಲಾದದ್ದು ನನ್ನ ಕೈಲಾಗದಾ? ಅಪ್ಪನ ಕರಿ ಕಂಬಳಿ ಮೈಗಾಯಿತು. ಹೆಲ್ಮೆಟ್‌ಗೆ ನೀರಿನ 20 ಲೀಟರ್ ಕ್ಯಾನು. ರಾತ್ರಿ ಒಂದು ಗಂಟೆವರೆಗೆ ಕೂತು ಬ್ಲೇಡಿನಲ್ಲಿ ತಳ ಕೊಯ್ದೆ. ತೆಂಗಿನ ಪೊರಕೆಯ ಎರಡು ಕಡ್ಡಿಗೆ ಚಪಾತಿ ಸುತ್ತುವ ಫಾಯಿಲ್ ಸುತ್ತಿದರೆ ಆಂಟೆನಾ. ಕ್ಯಾನಿನ ಮೇಲಿದ್ದ 'ಶುದ್ಧ ಕುಡಿಯುವ ನೀರು' ಅನ್ನುವ ಸ್ಟಿಕ್ಕರ್ ಮಾತ್ರ ಬಿಸಿನೀರಿಗೂ ಬರಲಿಲ್ಲ, ಉಗುರಿಗೂ ಬರಲಿಲ್ಲ. ದೂರದಿಂದ ಕಾಣಲ್ಲ ಬಿಡು ಅಂದರು ಅಪ್ಪ, ನಿರ್ದೇಶಕರ ಕುರ್ಚಿಯಲ್ಲಿ ಕೂತವರಂತೆ.

ಆಟೋದಲ್ಲೇ ಒಂದು ಆಂಟೆನಾ ಮುರಿಯಿತು. ವೇದಿಕೆ ಹತ್ತುವ ಹೊತ್ತಿಗೆ ಮಗಳ ಉಸಿರಿಗೆ ಕ್ಯಾನೆಲ್ಲ ಮಂಜು. ಅವಳಿಗೆ ಜನ ಎಲ್ಲಿ, ಪರದೆ ಎಲ್ಲಿ ಒಂದೂ ಕಾಣದು. ಪರದೆ ಕಡೆಗೇ ತಿರುಗಿ ಕೈ ಎತ್ತಿ "ಭೂಮಿಯ ಜನರೇ, ಶರಣಾಗಿ!" ಅಂತ ಅಬ್ಬರಿಸಿದಳು. ನಮಗೆ ಕೇಳಿದ್ದು "ಬೂ ಬೂ ಬೂ". ತೀರ್ಪುಗಾರರಾಗಿ ಬಂದಿದ್ದ ಮೇಡಂ ಎದ್ದು ಹೋಗಿ, ಭುಜ ಹಿಡಿದು ಜನರ ಕಡೆ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು ಸ್ಟಿಕ್ಕರ್ ಓದಿದರು. ಮುಖ ಅರಳಿತು. ಮೈಕ್ ಹಿಡಿದರು.

"ನೋಡಿ ಮಕ್ಕಳೇ! ಕಂಬಳಿ ಹೊದ್ದ ರೈತ. ತಲೆತುಂಬ ನೀರಿನದೇ ಚಿಂತೆ. ಎಷ್ಟು ಒಳ್ಳೆಯ ಸಂದೇಶ! ಹೌದಾ ಪುಟ್ಟಾ?"

ಮಗಳು ಏನೂ ಕೇಳಿಸದೆ ಹೌದೆಂದು ತಲೆ ಆಡಿಸಿದಳು. ಕ್ಯಾನು ಟಕಟಕ ಅಂದಿತು. ಉಳಿದಿದ್ದ ಆಂಟೆನಾವೂ ಬಿತ್ತು. ಎರಡನೇ ಬಹುಮಾನ. ಮೊದಲನೆಯದು ಕಿತ್ತೂರು ಚೆನ್ನಮ್ಮನಿಗೆ.

ಮಾರನೇ ದಿನ ಬೆಳಿಗ್ಗೆ ನೀರಿನ ಹುಡುಗ ಬಂದ. "ಖಾಲಿ ಕ್ಯಾನ್ ಕೊಡಿ ಅಂಕಲ್." ತಂದುಕೊಟ್ಟೆ. ಅವನು ಮೇಲೆ ಕೆಳಗೆ ತಿರುಗಿಸಿದ. ತಳವಿಲ್ಲದ ಕಡೆಯಿಂದ ನನ್ನ ಮುಖ ನೋಡಿದ.

"ಇದಕ್ಕೇನಾಯ್ತು?"

ಮಗಳು ಹಲ್ಲುಜ್ಜುತ್ತಾ ಬಚ್ಚಲಿನಿಂದಲೇ ಕೂಗಿದಳು: "ಅದು ಮಂಗಳ ಗ್ರಹದಿಂದ ಬಂದಿದ್ದು!"

"ಯಾವ ಗ್ರಹದಿಂದಾದ್ರೂ ಬರ್ಲಿ, ಡೆಪಾಸಿಟ್ 200 ಕೊಡಿ" ಅಂದ.